ಮೀಡಿಯಂ ಕೈ

ಎಲ್ಲಿಂದ ಶುರು ಮಾಡಲಿ? ‘ಕಾರ್ಖಾನೆಯ ಸೈರನ್ ಕೂಗಿತು’ ಎಂದು ಬರೆದು ಹೊಡೆದುಹಾಕಿದೆ. ಕಾರ್ಖಾನೆ ಕತೆಗಳಲ್ಲಿ ಕೂಗಿ ಕೂಗಿ ಪಾಪ, ಸೈರನ್ನಿಗೆ ಗಂಟಲು ಕಟ್ಟಿಹೋಗಿದೆ. ಕೈಯಿಂದಲೇ ಶುರು ಮಾಡೋಣ.

೧. ಅದು ರಬ್ಬರ್ ಕೈಗವಸಿನ ಕಾರ್ಖಾನೆ. ಅಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೊಂದು ಗವಸು ಒಂದೊಂದು ಅಳತೆಗೆ ಬರುತ್ತಿತ್ತು. ಎಲ್ಲಕ್ಕೂ ಒಂದೇ ಲೆಕ್ಕ ಇರಲಿ ಎಂದು ಮಾಲೀಕರು ಅವಳ ಕೈಯ ಅಚ್ಚು ತೆಗೆಸಿದರು. ಅಂದಿನಿಂದ ಮೀಡಿಯಂ ಎಂದರೆ ಅಕ್ಕನ ಕೈ. ಕಾಣದ ಊರುಗಳ ಜನ ಅವಳ ಕೈ ತೊಟ್ಟು ಪಾತ್ರೆ ತೊಳೆದರು. (ಈ ವಾಕ್ಯ ಚೆನ್ನಾಗಿದೆ ಅಲ್ಲವೇ? ನಾನೇ ಬರೆದದ್ದು.)

೨. ನಿಯಮವನ್ನೂ ಹಟ ಹಿಡಿದು ತಂದವಳು ಅವಳೇ: ಮೀಡಿಯಂ ಗವಸು ಸರಿಯಾಗಿ ಕೂರದವರು ಕತ್ತರಿಸುವ ಮಷೀನ್ ಮುಟ್ಟಕೂಡದು. ಸಡಿಲವಾದರೆ ಚಕ್ರಕ್ಕೆ ಸಿಕ್ಕೀತು, ಬಿಗಿಯಾದರೆ ಬೆರಳು ಮಡಚದು. ಎಷ್ಟೋ ಜನ ಗೋಗರೆದರೂ ಅವಳು ಜಗ್ಗಲಿಲ್ಲ.

೩. ಇವತ್ತು ಆ ಮಷೀನ್ ನಡೆಸುವವರ ಕೈ ತಪಾಸಣೆ, ಅಕ್ಕನದೂ ಸೇರಿ. ಅವಳೇ ಕೆಲಸ ಕಲಿಸಿದ ಹುಡುಗ ಈಗ ಸೂಪರ್‌ವೈಸರ್. ಅಕ್ಕನ ಬೆರಳ ಗೆಣ್ಣುಗಳು ಊದಿವೆ.

“ಇನ್ನೊಂಚೂರು ತಳ್ಳಿ ಅಕ್ಕ.”

“ತಳ್ತಾ ಇದೀನಪ್ಪಾ! ಇದು ಡಿಫೆಕ್ಟ್ ಪೀಸು.”

“ನಿಮ್ಮ ಕೈ ಅಚ್ಚಿಂದ್ಲೇ ಬಂದಿದ್ದು.”

“ಹಾಗಾದ್ರೆ ಅಚ್ಚೇ ಕೆಟ್ಟಿದೆ.”

ಅಚ್ಚಿಗೇನು ಧಾಡಿ? ಅದಕ್ಕೆ ಸಂಧಿವಾತ ಬರುವುದಿಲ್ಲ.

೩, ಮತ್ತೊಮ್ಮೆ. (ಹಳೆಯ ಕರಡಿನಲ್ಲಿ ಅಕ್ಕ ಇಲ್ಲಿ ಮನುಷ್ಯ ಮತ್ತು ಯಂತ್ರದ ಬಗ್ಗೆ ಎರಡು ಪುಟ ಭಾಷಣ ಬಿಗಿಯುತ್ತಿದ್ದಳು. ಅವಳೇ ಹರಿದುಹಾಕಿದಳು. “ಭಾಷಣ ನೀವೇ ಮಾಡ್ಕೊಳ್ಳಿ ಸ್ವಾಮಿ. ನಂಗೆ ನನ್ನ ಮಷೀನ್ ಬೇಕು. ಮನೇಲಿ ಕೂತ್ರೆ ಹುಚ್ಚು ಹಿಡಿಯತ್ತೆ.”)

೪. ಸರಿ, ಮುಕ್ತಾಯ. ಸೂಪರ್‌ವೈಸರ್ ಕಣ್ಣು ಮುಚ್ಚಿಕೊಂಡು ಪಾಸ್ ಮಾಡಿದ ಎನ್ನೋಣವೇ?

“ಆಮೇಲೆ ಬೆರಳು ಹೋದ್ರೆ? ನೀವು ಕೊಡ್ತೀರಾ?” ಅಕ್ಕ ನನ್ನನ್ನೇ ಕೇಳಿದಳು.

ಅವಳ ಈಗಿನ ಕೈಯಿಂದಲೇ ಹೊಸ ಅಚ್ಚು ತೆಗೆಸಿಬಿಡೋಣವೇ?

“ನನ್ನೊಬ್ಬಳಿಗೋಸ್ಕರ ಊರಿಗೆಲ್ಲ ಗೆಣ್ಣು ಊದಿಸ್ತೀರಾ? ತಲೆ ನೆಟ್ಟಗಿದ್ಯಾ ನಿಮ್ಗೆ?”

ನಿಯಮ ತಂದವಳ ಜೊತೆ ಯಾರು ಏಗುತ್ತಾರೆ! ನಾನು ಪೆನ್ನು ಕೆಳಗಿಟ್ಟೆ.

೫. ಅಷ್ಟರಲ್ಲಿ ಇನ್ನೊಂದು ಫಜೀತಿ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡ ಗವಸು ಹಿಂದಕ್ಕೂ ಬರುತ್ತಿಲ್ಲ. ಹುಡುಗ ಕತ್ತರಿ ತಂದ.

“ಕತ್ತರಿಸಬೇಡ. ಎಳಿ.”

ಅವನು ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಳೆಯತೊಡಗಿದ. ಅವನಿಗೆ ಅಳು ಬರುತ್ತಿದೆ. ನನಗೂ, ಸುಳ್ಳೇಕೆ ಹೇಳಲಿ. ಕಿರುಬೆರಳು ಬಿಟ್ಟಿತು. ಉಂಗುರದ ಬೆರಳಿನ ಹತ್ತಿರ ಕತೆ ನಿಲ್ಲಿಸಿದ್ದೇನೆ. ಪೂರ್ತಿ ಎಳೆಸುವವನು ನಾನಲ್ಲ, ನಿಮಗೆ ಧೈರ್ಯವಿದ್ದರೆ ಎಳೆದುಕೊಳ್ಳಿ.

“ನೋಯ್ತಿದ್ಯಾ ಅಕ್ಕ?”

“ನೋಯ್ತಿದೆ. ನಿಧಾನಕ್ಕೆ ಎಳಿಯೋ. ಬಂದ್ಬಿಟ್ರೆ ಎದ್ದು ಮನೆಗೆ ಹೋಗ್ಬೇಕಲ್ಲ.”