ಮಾಳಿಗ್ಯಾಗ ಹೊಕ್ಕ ಕಿನ್ನಾಳದ ಎತ್ತು

ತಪ್ಪು ಹೋಳಿಗೀದು ಅಂತ ಯಂಕೇಶ ಇವತ್ತಿಗೂ ವಾದ ಮಾಡ್ತಾನ. ಅಲ್ರೀ, ಹೋಳಿಗಿಗೇನು ಕೈಕಾಲು ಅದಾವನು, ತಾನಾಗಿ ಹೋಗಿ ಅವನ ಬಾಯಾಗ ಬೀಳಾಕ? ಆದ್ರ ಅವನ ಕಡಿಯಿಂದ ನೋಡಿದ್ರ ಆ ಮಾತಿನ್ಯಾಗೂ ಒಂದೀಟು ಹುರುಳೈತಿ. ಸ್ವಾದರಮಾವನ ಮನಿ. ಬಡಸಾಕ ನಿಂತಾಕಿ ನಾಳೆ ಹೆಣ್ಣು ಕೊಡಬೇಕಾದ ಅತ್ತಿ. ನಿನ್ನೆ ಮಟ "ಲೇ ಯಂಕ್ಯಾ" ಅಂತಿದ್ದ ಅದ ಅತ್ತಿ, ತುಪ್ಪದ ಬಟ್ಟಲ ಹಿಡಕೊಂಡು "ಇನ್ನೊಂದು ಹಾಕ್ಕೋರಿ, ನಾಚಬ್ಯಾಡ್ರಿ" ಅಂತ ಮರ್ಯಾದಿ ಕೊಟ್ಟು ಕರದ್ರ, ಬ್ಯಾಡ ಅನ್ನೋ ಗಂಡಸು ಯಲಬುರ್ಗಿ ಸೀಮ್ಯಾಗ ಇನ್ನೂ ಹುಟ್ಟಿಲ್ಲ.

ಯಂಕೇಶ ಮಂಗಳೂರಾಂವ. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಿ ಕಡಿ ಮಂಗಳೂರು. ಐಟಿಐ ಮುಗಿಸಿ ಎಂಟು ವರ್ಷದಿಂದ ಮನಿ ವೈರಿಂಗ್ ಮಾಡ್ಕೊಂಡಿದ್ದ, ಕೈಯಾಗ ಛಲೋ ಕಸಬಿತ್ತು. ಅವನ ಅವ್ವ ಕಸ್ತೂರೆಮ್ಮಗ ಕೊಪ್ಪಳದ ಗೋವಿಂದರಾಜ ಖಾಸಾ ಅಣ್ಣ. ಅಣ್ಣನ ಮಗಳು ಕವಿತಾನ್ನ ಸೊಸಿ ಮಾಡ್ಕೋಬೇಕು ಅಂತ ಕಸ್ತೂರೆಮ್ಮಗ ಆಸಿ. ಕವಿತಾಗೂ ಅದ ಆಸಿ. ಯಂಕೇಶಂದು ಅಂತೂ ಕೇಳೂದ ಬ್ಯಾಡ, ಕೊಪ್ಪಳದ ಬಸ್ ಕಂಡ್ರ ಸಾಕು ಕೂದಲ ಬಾಚ್ಕೊತಿದ್ದ. ನಡುವ ಅಡ್ಡ ನಿಂತಾಂವ ಗೋವಿಂದರಾಜ ಒಬ್ಬನ.

ಗೋವಿಂದರಾಜ ಕೆಟ್ಟಾಂವಲ್ಲ. ಮೂವತ್ತೆರಡು ವರ್ಷ ಮುನಿರಾಬಾದಿನ್ಯಾಗ ಕಾಲುವಿ ಗೇಟು ಎತ್ತಿ ಇಳಿಸಿದ ಮನುಷ್ಯಾ. "ನೀರು ಬಿಟ್ಟೀನಿ ಅಂದ್ರ ಬಿಟ್ಟಿರಬೇಕು. ಕಾಲುವಿ ತುದಿಗಿರೋ ರೈತ ನನ್ನ ಮಾತು ನಂಬಿ ಸಸಿ ಹಚ್ಚಿರ್ತಾನ" ಅನ್ನೋದು ಅವನ ಬಾಯಾಗ ದಿನಕ್ಕ ನಾಕು ಸಲ ಬರ್ತಿತ್ತು. ಕೆಲಸ ತಪ್ಪಾದ್ರ ತಡಕೊಳ್ತಿದ್ದ, ಸುಳ್ಳು ಹೇಳಿದ್ರ ಮಾತ್ರ ಆ ಮನುಷ್ಯಾನ ಮುಖ ಆರು ತಿಂಗಳು ನೋಡ್ತಿದ್ದಿಲ್ಲ.

ರಿಟೈರ್ ಆದ ಮ್ಯಾಲ ಅವಗ ಒಂದ ಹುಚ್ಚು ಹತ್ತಿತು. ಜನ್ಮೆಲ್ಲಾ ಕ್ವಾರ್ಟರ್ಸಿನ ಹಳದಿ ಬಲ್ಬಿನ್ಯಾಗ ಕಳದೀನಿ, ಇನ್ನ ನನ್ನ ಮನಿ ಪಡಸಾಲಿ ಜಗಜಗ ಅನ್ನಬೇಕು. ಸ್ಲ್ಯಾಬಿನ ಕೆಳಗ ಒಂದು ಗೇಣು ಸಂದಿ ಬಿಟ್ಟು ಪಿಒಪಿ ಮಾಳಿಗಿ ಹೊಡಿಸಿ, ಅದರೊಳಗ ಹುದುಗಿ ಕುಂದ್ರೋ ನಾಕು ದುಂಡನ ಲೈಟು ಹಾಕಸಾಕ ನಿಂತ. ತಂಗಿ ಮಗನ್ನ ಕರಿಸಿ ನೆಟ್ಟಗ ಹೇಳಿಬಿಟ್ಟ: "ಗುರುವಾರ ಗಂಗಾವತಿಯಿಂದ ಸರಕಾರಿ ನೌಕರಿ ಹುಡುಗನ ಕಡೇರು ಕವಿತಾನ್ನ ನೋಡಾಕ ಬರ್ತೀವಿ ಅಂದಾರ. ಬುಧವಾರ ಸಂಜಿಗೆ ನಿನ್ನ ಲೈಟ್ ಹತ್ತಿ, ನಿನ್ನ ಕೆಲಸ ನನ್ನ ಮನಸಿಗೆ ಬಂತಂದ್ರ, ಬರಬ್ಯಾಡ್ರಿ ಅಂತ ಅವರಿಗೆ ಫೋನ್ ಮಾಡ್ತೀನಿ. ಇಲ್ಲಂದ್ರ ಅವರು ಬರ್ತಾರ."

ಇಷ್ಟ ಮಾತು. ಯಂಕೇಶನ ಜೀವ ನಾಕು ಲೈಟಿನ್ಯಾಗ ಸಿಕ್ಕೊಂಡಿತು.

ಭಾನುವಾರ ಪಿಒಪಿ ಹುಡುಗ್ರು ಕಡೀ ಶೀಟು ಬಡಿಯಾಕ ಬಂದಿದ್ರು. ಉತ್ತರದ ಕಡೇರು. "ಇನ್ನೊಂದು ತಾಸಿಗೆ ಮುಚ್ಚಿಬಿಡ್ತೀವಿ, ವೈರು ಎಳಕೋ" ಅಂತ ಹಿಂದಿಯೊಳಗ ಹೇಳಿದ್ರು. ಯಂಕೇಶ ವೈರಿನ ಸುತ್ತು ಬಿಚ್ಚೋದಕ್ಕೂ ಅತ್ತಿ ರೇಣುಕಾದೇವಿ "ಊಟಕ್ಕ ಬರ್ರಿ" ಅನ್ನೋದಕ್ಕೂ ಸರಿಯಾತು. ಏಳು ಹೋಳಿಗಿ. ಲೆಕ್ಕ ಇಟ್ಟಾಕಿ ಕವಿತಾ, ಅಡಗಿಮನಿ ಬಾಗಲಾಗ ನಿಂತು ನಗತಿದ್ಲು. ಎರಡು ನಿಮಿಷ ಬೆನ್ನು ಚಾಚಿ ಏಳ್ತೀನಿ ಅಂತ ಹೊರಸಿನ ಮ್ಯಾಲ ಅಡ್ಡಾದಾಂವ, ಕಣ್ಣು ಬಿಟ್ಟಾಗ ನಾಕೂವರಿ. ಮಾಳಿಗಿ ಮುಚ್ಚಿ, ಸಂದಿ ಮೆತ್ತಿ, ಲೈಟಿಗೆ ನಾಕು ತೂತು ಕೊರದು, ಹುಡುಗ್ರು ರೈಲು ಹಿಡಿಯಾಕ ಹೋಗಿಬಿಟ್ಟಿದ್ರು. ವೈರಿನ ಸುತ್ತು ಗ್ವಾಡಿ ಮಗ್ಗಲಕ್ಕ ಹಂಗ ಬಿದ್ದಿತ್ತು.

"ವೈರ್ ಎಳದಿ?" ಅಂತ ಮಾವ ಹೊರಗಿಂದ ಕೇಳಿದ.

"ಎಳದೀನಿ ಮಾವ."

ಮನಸು ವಿಚಾರ ಮಾಡೂದ್ರೊಳಗ ನಾಲಿಗಿ ಹೇಳಿ ಮುಗಿಸಿತ್ತು. ಹೊರಸಿನ ಕೆಳಗ ವೈರಿನ ಸುತ್ತು ಒದ್ದು ಸರಿಸಿದ. ಊಟ ಬಲ್ಲವಗ ರೋಗಿಲ್ಲ, ಮಾತು ಬಲ್ಲವಗ ಜಗಳಿಲ್ಲ ಅಂತಾರ. ಯಂಕೇಶ ಅವತ್ತು ಎರಡರಾಗೂ ಫೇಲಾಗಿದ್ದ.

ಸೋಮವಾರ ಬಣ್ಣದಾಂವ ಬಂದು ಮಾಳಿಗಿಗೆ ಹಾಲಿನಂಥ ಬಿಳಿ ಬಣ್ಣ ಬಳದು ಹೋದ. ಈಗ ಎಲ್ಲೆರ ಒಂದು ಹೊಸ ತೂತು ಕೊರದ್ರ ಹಣಿ ಮ್ಯಾಲಿನ ಬೊಟ್ಟಿನಂಗ ಕಾಣ್ತಿತ್ತು. ಸಂಕಟ ಏನಂದ್ರ, ಒಂದು ತೂತು ಸ್ವಿಚ್ ಬೋರ್ಡಿನ ನೆತ್ತಿ ಮ್ಯಾಲ, ಉಳಿದ ಮೂರು ಆಚಿ ಗ್ವಾಡಿ ಕಡಿ. ನಡುವ ಹದಿನೈದು ಫೂಟು ಕತ್ತಲಿ. ಮಂಗಳವಾರ ಮಾವ ಸಂತಿಗೆ ಹೋದಾಗ ಯಂಕೇಶ ತನ್ನ ವೈರ್ ಎಳಿಯೋ ಸ್ಪ್ರಿಂಗ್ ತೂರಿಸಿ ತೂರಿಸಿ ಸುಸ್ತಾದ. ಮಾಳಿಗಿ ಜೋತು ಬಿಟ್ಟ ಕಬ್ಬಿಣದ ಪತ್ರಾದ ಪಟ್ಟಿಗಳಿಗೆ ಬಡದು ಅದು ಎಂಟು ಫೂಟಿಗೆ ಸುರುಳಿ ಸುತ್ಕೊಂಡು ನಿಲ್ಲತಿತ್ತು.

ಬುಧವಾರ ಬೆಳಿಗ್ಗೆ ಮಾವ ಕೂಡ ಕೆಲಸ ಮಾಡಿದ ಹಳೇ ಗೆಣ್ಯಾನ್ನ ನೋಡಾಕ ಮುನಿರಾಬಾದಿಗೆ ಹೋದ, ಸಂಜಿಗೆ ಬರ್ತೀನಿ ಅಂತ. ಯಂಕೇಶ ಏಣಿ ಮ್ಯಾಲ ತಲಿ ಹಿಡಕೊಂಡು ಕುಂತ. ಕವಿತಾ ಬಂದು ಏಣಿ ಕೆಳಗ ನಿಂತಳು.

"ವೈರ್ ಎಳದಿಲ್ಲ, ಹೌದಲ್ಲೋ?"

"ನಿನಗ್ಯಾರು ಹೇಳಿದ್ರು?"

"ಹೊರಸಿನ ಕೆಳಗ ಕಸ ಹೊಡಿಯಾಕಿ ನಾನ. ಏಳು ಹೋಳಿಗಿ ತಿಂದು ಗೊರಕಿ ಹೊಡದ್ರ ವೈರು ತಾನ ನಡಕೊಂಡು ಹೋಗ್ತದನು?" ಅಂತ ಸಿಟ್ಟಿಲೆ ಅಂದ್ಲು ಕವಿತಾ, ಆದ್ರ ಕಣ್ಣಾಗ ನೀರಿತ್ತು. "ನಾಳೆ ಅವರು ಬರ್ತಾರ, ಗೊತ್ತೈತಿಲ್ಲೋ ನಿನಗ? ನಾ ಯಾರದೋ ಮುಂದ ಸೀರಿ ಉಟ್ಕೊಂಡು ಚಾ ಹಿಡಕೊಂಡು ನಿಂದ್ರಬೇಕು."

ಯಂಕೇಶ ಮತ್ತೊಮ್ಮೆ ಸ್ಪ್ರಿಂಗ್ ತೂರಿಸಿದ, ಅದು ಮತ್ತ ಎಂಟು ಫೂಟಿಗೆ ನಿಂತಿತು.

ಅಷ್ಟೊತ್ತಿಗೆ ಮೂಲ್ಯಾಗಿಂದ ಒಂದು ಕೆಮ್ಮು. ಆಯಿ ಯಮನೂರಮ್ಮ. ಗೋವಿಂದರಾಜನ ಅವ್ವ, ಇವರಿಬ್ಬರಿಗೂ ಆಯಿ. ಕೌದಿ ಹೊಲಕೊಂತ ಕುಂತಾಕಿ ಎಲ್ಲಾ ಕೇಳಿಸ್ಕೊಂಡಿದ್ಲು.

"ಅಳೂದೇನೈತಿ? ನೂಲು ಒಯ್ಯಾಕ ಒಂದು ಜೀವ ಬೇಕು, ಅಷ್ಟ ಹೌದಲ್ಲೋ?" ಅಂದಾಕಿ ಎದ್ದು ಹೋಗಿ, ಗ್ವಾಡ್ಯಾಗಿನ ದೇವರ ಮಾಡಿನಿಂದ ಒಂದು ಆಟಿಗಿ ತಂದ್ಲು. ಆಕಿ ತವರು ಕಟಗಿ ಗೊಂಬಿಗೆ ಹೆಸರಾದ ಕಿನ್ನಾಳ. ಅಂಗೈಯಗಲದ ಕಟಗಿ ಎತ್ತು, ಕೆಂಪು ಜೂಲ, ಕೆಳಗ ನಾಕು ಗಾಲಿ, ಹೂವಿನಷ್ಟು ಹಗುರ. ಎಡಗೋಡು ಮಾತ್ರ ಮುರದಿತ್ತು. "ಇದನ್ನ ಮ್ಯಾಲ ಹತ್ತಿಸ್ರಿ."

"ಆಯಿ, ಕಟಗಿ ಎತ್ತನ್ನ ಹೊಡಕೊಂಡು ಹೋಗೋರ್ಯಾರು?" ಅಂದ ಯಂಕೇಶ.

ಕವಿತಾ ಕಣ್ಣೊರಸ್ಕೊಂಡು ಎತ್ತನ್ನ ನೋಡಿದ್ಲು, ಮಾಳಿಗಿ ನೋಡಿದ್ಲು. ಬಿಎಸ್ಸಿ ಓದಿದಾಕಿ. ಒಮ್ಮಿಲೆ ಅಟ್ಟಕ್ಕ ಓಡಿದ್ಲು. ಕೆಟ್ಟ ಟೇಪ್ ರೆಕಾರ್ಡ್ ತಂದು ಬಿಚ್ಚಿ, ಅದರ ಎರಡು ಸ್ಪೀಕರಿನಿಂದ ಎರಡು ಆಯಸ್ಕಾಂತ ತಗದ್ಲು. ಒಂದನ್ನ ಎತ್ತಿನ ಕೆಳಗ, ಗಾಲಿಗಳ ನಡುವ ಬಿಗಿದ್ಲು. ಇನ್ನೊಂದನ್ನ ಮೆತ್ತನ ಅರಿವಿ ಸುತ್ತಿ ಜೇಡರ ಜಾಡಾ ಹೊಡಿಯೋ ಕೋಲಿನ ತುದಿಗೆ ಕಟ್ಟಿದ್ಲು. "ಕೆಳಗ ನಾವು ಕೋಲು ನಡಿಸಿದಂಗ ಮ್ಯಾಲ ಅದು ನಡೀತದ. ತಿರುಗುಮುರುಗು ಹಿಡದಿ ಅಂದ್ರ ಒದ್ದು ಓಡ್ತದ, ಹುಷಾರು."

ಎತ್ತಿನ ಬಾಲಕ್ಕ ಆಯಿಯ ಕೌದಿ ದಾರ ಕಟ್ಟಿದ್ರು. ಯಂಕೇಶ ಆಚಿ ತೂತಿನ್ಯಾಗ ಎತ್ತನ್ನ ಏರಿಸಿದ, ಕೆಳಗ ಕೋಲು ಹಚ್ಚಿದ. ಟಕ್ ಅಂತ ಹಿಡೀತು ನೋಡ್ರಿ! ಕೋಲು ಒಂದು ಗೇಣು ಸರಿಸಿದ್ರ ಮ್ಯಾಲ ಗರ್ ಗರ್ ಅಂತ ಗಾಲಿ ಸಪ್ಪಳ. ಆಯಿ "ಹೋ... ಹೋ... ಬಸವಾ!" ಅಂತ ಹೊಲದಾಗ ಎತ್ತು ಹೊಡದಂಗ ಕೂಗಿದ್ಲು. ಕವಿತಾ ದಾರ ಬಿಟ್ಕೊಂತ ಬಂದ್ಲು. ರೇಣುಕಾದೇವಿ ಹಿಟ್ಟಿನ ಕೈಲೆ ಓಡಿ ಬಂದು "ಅಯ್ಯ ನಮ್ಮಪ್ಪಾ, ಮಾಳಿಗಿ ಮ್ಯಾಲೇನದು?" ಅಂತ ಗಾಬರಿಯಾಗಿ, ತಿಳಿದ ಮ್ಯಾಲ ಆಕಿನೂ ತಲಿ ಎತ್ಕೊಂಡು ನಿಂತ್ಲು.

ಎಂಟು ಫೂಟು ಹೋತು. ಆಮ್ಯಾಲ ಎತ್ತು ಎಡಕ್ಕ ವಾಲಿ ಪತ್ರಾದ ಪಟ್ಟಿಗೆ ಗಪ್ಪನ ಅಂಟಿತು. ಎಳದ್ರೂ ಬರವಲ್ದು, ನೂಕಿದ್ರೂ ಹೋಗವಲ್ದು. ಯಂಕೇಶನ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಾಕ ಹತ್ತಿತು.

"ಏನ್ ನಡದೈತಿಲ್ಲೆ?"

ಬಾಗಲಾಗ ಗೋವಿಂದರಾಜ. ಗೆಣ್ಯಾ ಊರಾಗಿಲ್ಲ ಅಂತ ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟಿದ್ದ.

"ಜಾಡಾ ಹೊಡಿಯಾಕತ್ತಾರಪಾ" ಅಂದ್ಲು ಆಯಿ, ಕಣ್ಣು ಮಿಟಕಿಸದ.

"ಮೊನ್ನಿ ಬಳದ ಬಣ್ಣಕ್ಕ ಇವತ್ತು ಜಾಡಾನ?"

ಯಂಕೇಶಗ ದಾರಿ ಎರಡಿದ್ವು. ವೈರ್ ತುಂಡಾಗೈತಿ ಮಾವ, ರಿಪೇರಿ ಮಾಡಾಕತ್ತೀನಿ ಅಂದ್ರ ನಡೀತಿತ್ತು. ಮಾವಗ ವೈರಿಂಗ್ ಏನು ಗೊತ್ತು? ನಾಲಿಗಿ ತುದಿ ಮಟ ಬಂತು ಆ ಮಾತು. ಆದ್ರ ಈ ಮನ್ಯಾಗ ಇನ್ನೊಂದು ಸುಳ್ಳು ಹೇಳಿ, ಅದರ ಮ್ಯಾಲ ಕವಿತಾನ್ನ ಕರಕೊಂಡು ಹೋಗೂದು ಅವಗ ಸೇರಲಿಲ್ಲ. ಏಣಿ ಇಳದ.

"ಮಾವ, ನಾ ವೈರ್ ಎಳದಿದ್ದಿಲ್ಲ. ಉಂಡು ಮಲಗಿದ್ದೆ, ಅವರು ಮುಚ್ಚಿಬಿಟ್ರು. ಎಳದೀನಿ ಅಂತ ನಿನಗ ಸುಳ್ಳು ಹೇಳಿದೆ. ತಪ್ಪು ನಂದ."

ಗೋವಿಂದರಾಜನ ಮುಖ ಕಪ್ಪಾತು. ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಾಂಗಿಲ್ಲ, ಮುಗೀತು ಅನ್ಕೊಂಡ ಯಂಕೇಶ. ಕವಿತಾ ದಾರ ಬಿಡಲಿಲ್ಲ, ಗಟ್ಟ್ಯಾಗಿ ಹಿಡಕೊಂಡು ನಿಂತಿದ್ಲು.

ಗೋವಿಂದರಾಜ ಕೋಲು ನೋಡಿದ, ಮಗಳ ಕೈಯಾಗಿನ ದಾರ ನೋಡಿದ, ದೇವರ ಮಾಡಿನ್ಯಾಗ ಎತ್ತಿನ ಜಾಗ ಖಾಲಿ ಇದ್ದದ್ದು ನೋಡಿದ.

"ಯವ್ವಾ, ಎತ್ತು ಎಲ್ಲೈತಿ?"

ಆಯಿ ಬೆರಳು ಎತ್ತಿ ಮಾಳಿಗಿ ತೋರಿಸಿದ್ಲು. "ಎಡಕ್ಕ ಹೋಗಿ ಸಿಕ್ಕೊಂಡೈತಿ."

"ಎಡಕ್ಕ ಹೋಗದ ಎಲ್ಲಿ ಹೋಗ್ತದ?" ಅಂದ ಗೋವಿಂದರಾಜ, ಚಪ್ಪಲಿ ಬಿಟ್ಟು ಒಳಗ ಬಂದು ಯಂಕೇಶನ ಕೈಯಿಂದ ಕೋಲು ಕಸ್ಕೊಂಡ. "ಅದರ ಮುಂದಿನ ಎಡಗಾಲಿ ಸಣ್ಣದೈತಿ. ಅಪ್ಪ ಬೇವಿನ ಕಟಗೀಲೆ ಕೆತ್ತಿ ಹಾಕಿದ್ದ. ಹಿಂದಕ್ಕ ಒಂದು ಗೇಣು ಜಗ್ಗಬೇಕು, ಆಮ್ಯಾಲ ಬಲಕ್ಕ ವಾಲಿಸ್ಕೊಂತ ಹೋಗಬೇಕು. ಹಿಂಗ."

ಹಿಂದಕ್ಕ ಜಗ್ಗಿದ. ಪಟ್ಟಿಯಿಂದ ಟಪ್ ಅಂತ ಬಿಡ್ತು. ಬಲಕ್ಕ ವಾಲಿಸಿದ. ಗರ್ ಗರ್ ಗರ್. ಅರವತ್ತು ದಾಟಿದ ಮನುಷ್ಯಾ ತಲಿ ಮ್ಯಾಲಕ್ಕ ಮಾಡಿ, ಸೋಫಾಕ್ಕ ಮೊಣಕಾಲು ಬಡಿಸ್ಕೊಂಡು, "ಸರಿ ಸರಿ, ದಾರ ಬಿಡು ಕವಿತಾ, ಬಿಡು" ಅಂತ ಪಡಸಾಲಿ ತುಂಬ ನಡದ. ಹೆಂಡ್ತಿ ಸೆರಗು ಬಾಯಿಗಿಟ್ಕೊಂಡು ನಕ್ಕಳು. ಹದಿನೈದನೇ ಫೂಟಿಗೆ ಸ್ವಿಚ್ ಬೋರ್ಡಿನ ಮ್ಯಾಲಿನ ತೂತಿನ್ಯಾಗ ಕೆಂಪು ಜೂಲ ಕಾಣ್ತು, ಆಮ್ಯಾಲ ಒಂದ ಕೋಡು. ಯಂಕೇಶ ಕೈ ಹಾಕಿ ಎತ್ತನ್ನ ಇಳಿಸ್ಕೊಂಡ. ಪಡಸಾಲ್ಯಾಗ ಎಲ್ಲರೂ ಒಮ್ಮಿಲೆ ಹೋ ಅಂದ್ರು.

ಆಮ್ಯಾಲಿಂದು ಬರೇ ಕಸಬು. ದಾರಕ್ಕ ವೈರು ಕಟ್ಟಿ ಎಳದ, ಗ್ವಾಡಿ ಪೈಪಿನ್ಯಾಗ ಇಳಿಸಿ ಬೋರ್ಡಿಗೆ ಕೊಟ್ಟ, ಲೈಟಿಂದ ಲೈಟಿಗೆ ಜೋಡಿಸಿ ಕೂಡಿಸಿದ. ಗೋವಿಂದರಾಜ ಕುರ್ಚಿ ಹಾಕ್ಕೊಂಡು ಪ್ರತಿ ಗಂಟು ನೋಡಿದ. ಹೊತ್ತು ಇಳಿಯೂದ್ರೊಳಗ ಕವಿತಾ ಸ್ವಿಚ್ ಒತ್ತಿದ್ಲು. ನಾಕೂ ಹತ್ತಿದ್ವು. ಬಿಳಿ ಮಾಳಿಗ್ಯಾಗ ಒಂದು ಗೆರಿ ಇಲ್ಲ, ಒಂದು ಹೆಚ್ಚಿನ ತೂತಿಲ್ಲ.

ಗೋವಿಂದರಾಜ ಕಿಸೆದಾಗಿನ ಫೋನ್ ತಗದ.

"ನಮಸ್ಕಾರ್ರಿ, ಕೊಪ್ಪಳದಿಂದ ಗೋವಿಂದರಾಜ. ನಾಳೆ ನೀವು ಬರೋದು ಬ್ಯಾಡ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಹುಡುಗಿನ್ನ ನನ್ನ ತಂಗಿ ಮಗಗ ಕೊಟ್ಟೀನಿ." ಫೋನ್ ಇಟ್ಟು ಯಂಕೇಶನ ಕಡಿ ತಿರುಗಿದ. "ಸುಳ್ಳು ಹೇಳಿದ್ದಕ್ಕ ಸಿಟ್ಟು ಐತಿ ಇನ್ನೂ. ಆರು ತಿಂಗಳ ಸಿಟ್ಟು, ಅಷ್ಟರಾಗ ಮದುವಿ ಮಾಡಿ ಮುಗಸ್ತೀನಿ. ನಿಮ್ಮವ್ವಗ ನಿಶ್ಚಯದ ಸಕ್ಕರಿ ತಗೊಂಡು ಬಾ ಅನ್ನು."

ಕವಿತಾ ಅಡಗಿಮನಿಗೆ ಓಡಿದ್ಲು. ಯಂಕೇಶ ಖುಷೀಲೆ ಆಯಿ ಕಾಲಿಗೆ ಬಿದ್ದ. ಆಕಿ ಎತ್ತಿನ ಮ್ಯಾಲಿನ ಧೂಳಾ ಸೆರಗಿಲೆ ಒರಸ್ಕೊಂತ, ಮಗನ ಮುಖ ನೋಡದ ಕೇಳಿದ್ಲು:

"ಗೋವಿಂದಾ, ಎತ್ತಿನ ಕೋಡು ಯಾರು ಮುರದ್ರು ಅಂತ ಹೇಳಿದ್ದಿ ನೀ ಆವಾಗ?"

ಹೊಸ ಬೆಳಕಿನ್ಯಾಗ ಯಾರ ಮುಖಾನೂ ಮುಚ್ಚಿಡಾಕ ಜಾಗ ಇದ್ದಿಲ್ಲ. ಗೋವಿಂದರಾಜ ತಲಿ ಕೆರಕೊಂಡ.

"ಬೆಕ್ಕು ಮುರೀತು ಅಂದಿದ್ದೆ."

"ಮತ್ತ?"

"ಬೆಕ್ಕಲ್ಲ ಯವ್ವಾ. ಕಟ್ಟಿ ಮ್ಯಾಲಿಂದ ನಾನ ಓಡಿಸಿ ಬೀಳಿಸಿದ್ದೆ. ಕೋಡೂ ನಾನ, ಗಾಲೀನೂ ನಾನ."

"ಗೊತ್ತೈತಿ" ಅಂದ್ಲು ಆಯಿ. "ಐವತ್ತು ವರ್ಷಾತು, ನಿನ್ನ ಬಾಯಿಂದ ಯಾವಾಗ ಬರ್ತದ ಅಂತ ಕುಂತಿದ್ದೆ." ಎತ್ತನ್ನ ಒಯ್ದು ದೇವರ ಮಾಡಿನ್ಯಾಗ ಇಟ್ಲು, ಮುರದ ಕೋಡು ಎಲ್ಲರಿಗೂ ಕಾಣೂವಂಗ ಮುಂದ ಮಾಡಿ. ಆಮ್ಯಾಲ ಸೊಸಿ ಕಡಿ ತಿರುಗಿ, "ರೇಣುಕಾ, ಮಾವ ಅಳಿಯ ಇಬ್ಬರಿಗೂ ಹೋಳಿಗಿ ಬಡಸು" ಅಂದ್ಲು.