ಭಾನುವಾರದ ಸೀರೆ

ನಮ್ಮೆಜಮಾನರಿಗೆ ಸ್ಲೈಡ್ ಪ್ರೊಜೆಕ್ಟರು ಒಂದು, ಕೇಳೋ ಜನ ಇಬ್ಬರು ಸಿಕ್ಕಿಬಿಟ್ಟರೆ ಸಾಕು, ಊಟ ತಿಂಡಿ ಏನೂ ಬೇಡ. ಎಂಬತ್ತೇಳನೇ ಇಸವಿ ಥ್ಯಾಂಕ್ಸ್‌ಗಿವಿಂಗಿನ ಮಾರನೇ ದಿನ ಮಧ್ಯಾಹ್ನ, ಸರಟೋಗಾದ ನಮ್ಮ ಮನೆ ಕರ್ಟನ್ನೆಲ್ಲ ಎಳೆದು, ಗೋಡೆಗೆ ಬಿಳೀ ದುಪ್ಪಟಿ ಕಟ್ಟಿ, ಎವರ್‌ಗ್ರೀನ್ ಬಡಾವಣೆಯಿಂದ ಬಂದಿದ್ದ ಪದ್ಮಜಾನ್ನೂ ಅವಳ ಗಂಡ ರಘೋತ್ತಮನ್ನೂ ಸೋಫಾ ಮೇಲೆ ಕೂಡಿಸಿಬಿಟ್ಟರು. ತಪ್ಪು ಪದ್ಮಜಾಳದೇ. "ಬರೋ ಬೇಸಗೇಲಿ ನಾವೂ ಹೋಗೋಣ ಅಂತಿದೀವಿ ಶೇಷಾದ್ರಿ, ಆ ಸ್ಕಾಟ್ಲೆಂಡಿನ ದ್ವೀಪದಲ್ಲಿ ನೋಡೋಕೆ ಮಾಡೋಕೆ ಏನೇನಿದೆ?" ಅಂತ ಕೇಳಿದ್ದಳು. ಇವರನ್ನ ಹಾಗೆ ಕೇಳಬಹುದೇನ್ರೀ!

"ಏನಿಲ್ಲ ಅಂತ ಕೇಳಿ," ಅಂದು ಇವರು ಶುರು ಹಚ್ಚಿಕೊಂಡರು. ಆಳೆತ್ತರದ ಕಲ್ಲುಗಳು ಗುಂಡಗೆ ನಿಂತಿರೋ ಬಯಲು. ಉಪ್ಪಿನಷ್ಟು ಬೆಳ್ಳಗಿರೋ ಮರಳ ದಂಡೆ, ಕಾಲಿಟ್ಟರೆ ಜೀವ ಹೋಗೋಷ್ಟು ತಣ್ಣನೆ ನೀರು. ರಸ್ತೆ ಮಧ್ಯೆ ಮಲಗಿ ಕಾರಿಗೆ ಕ್ಯಾರೇ ಅನ್ನದ ಕುರಿಗಳು. ಶೆಡ್ಡಿನಲ್ಲಿ ಮಗ್ಗ ತುಳಿಯುತ್ತಾ ಉಣ್ಣೆ ಬಟ್ಟೆ ನೇಯೋ ಮುದುಕ. ಬಂಡೆ ಮೇಲೆ ಬಿಸಿಲಿಗೆ ಮೈ ಕಾಯಿಸ್ತಿದ್ದ ಸೀಲು ಅನ್ನೋ ಕಡಲ ಪ್ರಾಣಿಗಳು ಬಂದಾಗ, ಹಿಂದೆ ಕುರ್ಚಿಯಲ್ಲಿ ಹತ್ತಿ ಬತ್ತಿ ಹೊಸೀತಾ ಕೂತಿದ್ದ ನಮ್ಮತ್ತೆ, "ಊರಲ್ಲಿದ್ದ ನಮ್ಮ ಎಮ್ಮೆ ಗೋಪಿಯ ಕರುವಿಗೆ ಮೀಸೆ ಬರೆದ ಹಾಗಿದೆಯಲ್ಲೋ!" ಅಂದರು. ಎಲ್ಲರೂ ನಕ್ಕೆವು. ಅತ್ತೆಯೂ ಮನಸಾರೆ ನಕ್ಕರು.

ಅತ್ತೆ ಆ ಜುಲೈನಲ್ಲಿ ಮೈಸೂರಿಂದ ಬರುವಾಗ ಇವರೂ ನಾನೂ ಲಂಡನ್ನಿಗೇ ಹೋಗಿ ಕರಕೊಂಡು, ಒಂದು ವಾರ ಆ ದ್ವೀಪದಲ್ಲಿದ್ದು ಬಂದಿದ್ದೆವು. ಅತ್ತೆಗೆ ಮಡಿ. ಹಿಂದಿನ ದಿನ ತಾವೇ ಒಗೆದು, ಯಾರೂ ಮುಟ್ಟದ ಹಾಗೆ ಹೊರಗೆ ಒಣಗಿಸಿದ ಸೀರೆ ಉಟ್ಟರೇನೇ ಒಲೆ ಹಚ್ಚೋದು, ಬಾಯಿಗೆ ತುತ್ತಿಡೋದು. ನಾವು ರೂಮು ಹಿಡಿದಿದ್ದ ಮನೆಯ ಒಡತಿ ಮೋರಾಗ್, ಅವಳೂ ವಯಸ್ಸಾದವಳೇ, ನಾನು ಫೋನಿನಲ್ಲಿ ಮುಜುಗರಪಟ್ಟುಕೊಂಡು ಇಷ್ಟು ಹೇಳಿದ್ದಕ್ಕೆ, ಹೊಸಾ ಪಾತ್ರೆಯೊಂದನ್ನು ತಂದು ಹಿಡಿಗೆ ಕೆಂಪು ಉಣ್ಣೆ ದಾರ ಕಟ್ಟಿ ಬೇರೆ ಇಟ್ಟಿದ್ದಳು. ಮಾಂಸದ ಸೌಟು ಅದಕ್ಕೆ ತಾಗದೇ ಇರಲಿ ಅಂತ ಗುರುತು. ಅತ್ತೆ ಆ ದಾರ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು.

ಮುಂದಿನ ಸ್ಲೈಡು ಟಕ್ ಅಂತ ಬಿತ್ತು. ನನ್ನೆದೆಯೂ ಟಕ್ ಅಂತು.

ಬೂದು ಆಕಾಶ, ಹಿಂದೆ ಸಮುದ್ರ, ಹಿತ್ತಲ ತಂತಿಯ ಮೇಲೆ ಅತ್ತೆಯ ಒಂಬತ್ತು ಗಜದ ಅರಿಶಿನ ಬಣ್ಣದ ಸೀರೆ ಪಟಪಟ ಹಾರುತ್ತಿದೆ. ಕೆಳಗೆ ರಸ್ತೆಯಲ್ಲಿ ಕರೀ ಬಟ್ಟೆ ತೊಟ್ಟವರ ಸಾಲು.

"ಆಹಾ, ಎಂಥ ಫೋಟೋ!" ಅಂದ ರಘೋತ್ತಮ.

"ಇದು ನಮ್ಮಮ್ಮನ ಬಾವುಟ ಕಣಯ್ಯಾ!" ಇವರಿಗೆ ಹುರುಪು ಬಂತು. "ಆ ಊರಲ್ಲಿ ಭಾನುವಾರ ಹೊರಗೆ ಬಟ್ಟೆ ಒಣಗಿಸೋ ಹಾಗೇ ಇಲ್ಲ. ದೇವರ ದಿನವಂತೆ. ಶನಿವಾರ ಸಂಜೇನೇ ಆ ಮೋರಾಗ್ ಬಂದು, ದಯವಿಟ್ಟು ನಾಳೆ ಒಂದು ದಿನ ಒಳಗೆ ಒಣಗಿಸಿಕೊಳ್ಳಿ ಅಂತ ಮೈಥಿಲಿ ಹತ್ರ ಕೇಳಿಕೊಂಡಳು. ನಮ್ಮಮ್ಮ ಕೇಳ್ತಾಳಾ? ಊರಿಗೂರೇ ಚರ್ಚಿಗೆ ಹೊರಟಿದೆ, ಇವಳು ಸೀರೆ ಹಾರಿಸಿದಾಳೆ!"

ಪದ್ಮಜಾ ಬಿದ್ದು ಬಿದ್ದು ನಕ್ಕಳು. "ಭೇಷ್ ಅಮ್ಮಾ, ಸರಿಯಾಗಿ ಮಾಡಿದಿರಿ! ಏನು ಮೂಢನಂಬಿಕೆ ಅವರದು!"

ನಾನು ತಿರುಗಿ ನೋಡಿದೆ. ಅತ್ತೆಯ ಕೈಯಲ್ಲಿ ಬತ್ತಿ ಅರ್ಧಕ್ಕೇ ನಿಂತಿತ್ತು. ಯಾಕೆಂದರೆ ಅತ್ತೆಗೆ ಈ ವಿಷಯ ಗೊತ್ತೇ ಇರಲಿಲ್ಲ. ಅವರಿಗೆ ಇಂಗ್ಲಿಷ್ ಬರಲ್ಲ, ಮೋರಾಗ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದರೆ ಸೋಮವಾರಕ್ಕೆ ಮಡಿಸೀರೆ ಇಲ್ಲ, ಅಡುಗೆ ಇಲ್ಲ, ಅತ್ತೆ ಉಪವಾಸ, ಕಲ್ಲು ನೋಡೋಕೆ ಹೋಗೋ ನಮ್ಮ ಪ್ಲಾನು ಢಮಾರ್. ಯಾರಿಗೆ ಬೇಕು ಆ ರಗಳೆ ಅಂದುಕೊಂಡು, "ನಾಳೆ ಗಾಳಿ ಜೋರಂತೆ, ಕ್ಲಿಪ್ಪು ಜಾಸ್ತಿ ಹಾಕಿ ಅಂತಾಳೆ" ಅಂದುಬಿಟ್ಟಿದ್ದೆ. ಇವರ ಹತ್ರ ಮಾತ್ರ, ಹೇಳಿದರೂ ಅತ್ತೆ ಕೇಳಲಿಲ್ಲ ಅಂದಿದ್ದೆ.

ಒಂದು ಮಾತು ಸಾಕಿತ್ತು ಅತ್ತೆಗೆ. "ನನಗೆ ಯಾರೂ ಹೇಳಲೇ ಇಲ್ಲವಲ್ಲ" ಅಂದಿದ್ದರೆ ಮುಗೀತು, ನನ್ನ ಮಾನ ಅಲ್ಲೇ ಹರಾಜು. ಅವರು ನನ್ನ ಮುಖ ನೋಡಿದರು. ಆಮೇಲೆ ಪದ್ಮಜಾಗೆ, "ಹೌದಮ್ಮಾ, ನಾನೇ ಹಾಕಿದ್ದು," ಅಂದು ಬತ್ತಿ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಕಾಫಿ ನೆಪ ಹೇಳಿ ನಾನೂ ಎದ್ದೆ. ಅಡುಗೆಮನೆಯಲ್ಲಿ ಅತ್ತೆ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದರು.

"ಗಾಳಿ ಜೋರು ಅಂದಿದ್ದೆಯಲ್ಲೇ ಮೈಥಿಲಿ."

"ತಪ್ಪಾಯ್ತು ಅತ್ತೆ. ನೀವು ಊಟ ಬಿಟ್ಟುಬಿಡ್ತೀರಿ ಅಂತ..."

"ಒಂದು ದಿನ ಬಿಟ್ಟಿದ್ದರೆ ಸಾಯ್ತಿದ್ದೆನಾ? ಏಕಾದಶಿಗೆ ಬಿಡಲ್ವಾ?" ಅವರ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸುತ್ತಿದ್ದೆ, ಅಷ್ಟು ಅಭ್ಯಾಸ ನಮ್ಮಿಬ್ಬರಿಗೂ ಇತ್ತು. "ನನ್ನ ಮಡಿ ಕೆಡಬಾರದು ಅಂತ ಅವಳು ಪಾತ್ರೆಗೆ ದಾರ ಕಟ್ಟಿದಳು. ಅವಳ ಮಡಿ ನಾನು ಕೆಡಿಸಿದೆ. ಅವಳ ಮನೇಲಿ ಉಂಡು, ಅವಳ ಹಿತ್ತಲಲ್ಲೇ. ನಾಳೆ ಫೋನು ಹಾಕಿಕೊಡು."

ಫೋನು ಬೇಡ, ಕಾಗದ ಬರೀತೀನಿ ಅಂದೆ. ಸ್ಕಾಟ್ಲೆಂಡಿಗೆ ಲೈನ್ ಸಿಗಲ್ಲ ಅಂತಲೂ ಅಂದೆ, ನಾಚಿಕೆ ಇಲ್ಲದೆ. ಅತ್ತೆ ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ, ಅಲ್ಲಿಗೆ ಸಂಜೆಯಾಗಿರುತ್ತೆ ಅಂತ ಲೆಕ್ಕ ಹಾಕಿ ಡಯಲ್ ಮಾಡಿದೆ. ಲೈನು ಸಿಕ್ಕೇಬಿಟ್ಟಿತು. ಮೋರಾಗ್‌ಗೆ ಎಷ್ಟು ಖುಷಿ! ಅಜ್ಜಿ ಹೇಗಿದ್ದಾರೆ, ಕೆಂಪು ದಾರದ ಪಾತ್ರೆಯನ್ನ ಯಾರಿಗೂ ಮುಟ್ಟಕ್ಕೆ ಬಿಡದೆ ಮೇಲಿನ ಶೆಲ್ಫಿನಲ್ಲೇ ಇಟ್ಟಿದ್ದೀನಿ ಅಂತ ಹೇಳು ಅಂದಳು. ಅತ್ತೆಗೆ ಹೇಳಿದೆ. ಅವರು ತಲೆ ಬಗ್ಗಿಸಿ, "ಭಾನುವಾರದ ಸೀರೆಗೆ ಕ್ಷಮಿಸಬೇಕು ಅಂತ ಹೇಳು. ತಪ್ಪು ನನ್ನದೇ ಅಂತ ಹೇಳು. ಬೇರೆ ಯಾರ ಹೆಸರೂ ಎತ್ತಬೇಡ," ಅಂದರು.

ಹೇಳಿದೆ. ಹಾಗೇ ಹೇಳಿಬಿಟ್ಟೆ, ತಪ್ಪು ಅವರದೇ ಅಂತ.

ಮೋರಾಗ್ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ನನಗೆ ಏನೋ ಹೇಳಿದಳು. ನನ್ನ ಕಿವಿ ಸುಟ್ಟುಹೋಯಿತು.

"ಏನಂತೆ?" ಅಂದರು ಅತ್ತೆ.

ಪರವಾಗಿಲ್ಲವಂತೆ ಅಂದುಬಿಟ್ಟರೆ ಆಯಿತಲ್ಲ ಅಂತ ನಾಲಿಗೆ ತುದಿವರೆಗೂ ಬಂತು. ಅತ್ತೆ ಕಾಯುತ್ತಿದ್ದರು. ನುಂಗಿಕೊಂಡು, ಅವಳ ಮಾತು ಒಂದೂ ಬಿಡದೆ ಹೇಳಿದೆ.

"'ಅವತ್ತು ಬೆಳಿಗ್ಗೆ ಅಜ್ಜಿ ನಗುತ್ತಾ ನನ್ನನ್ನು ಕರೆದು, ಕ್ಲಿಪ್ಪು ಎಷ್ಟು ಗಟ್ಟಿಯಾಗಿ ಹಾಕಿದ್ದೀನಿ ನೋಡು ಅಂತ ಸನ್ನೆಯಲ್ಲೇ ತೋರಿಸಿದರು. ಗೊತ್ತಿದ್ದು ಮಾಡುವವರು ಹಾಗೆ ತೋರಿಸಲ್ಲ. ಯಾರೋ ಅವರಿಗೆ ಹೇಳಿಲ್ಲ ಅಂತ ನನಗೆ ಆಗಲೇ ತಿಳಿಯಿತು. ಚರ್ಚಿನಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ, ಅಜ್ಜಿಯದು ತಪ್ಪಿಲ್ಲ ಅಂತ. ಈಗಲೂ ನೀನು ಅವರ ತಲೆಗೇ ಕಟ್ಟುತ್ತಿದ್ದೀಯಲ್ಲಮ್ಮಾ?' ಅಂತ ಕೇಳ್ತಿದಾಳೆ, ಅತ್ತೆ."

ಅತ್ತೆ ಕೈ ಚಾಚಿ ನನ್ನ ಕೈಯಿಂದ ರಿಸೀವರು ತೆಗೆದುಕೊಂಡರು. "ಚೆನ್ನಾಗಿದೀಯೇನಮ್ಮಾ?" ಅಂದರು, ಕನ್ನಡದಲ್ಲೇ. ಆ ಕಡೆಯಿಂದ ಮೋರಾಗ್ ಏನೋ ಅಂದಳು. ಅತ್ತೆ ನಕ್ಕರು, ಇನ್ನೇನೋ ಹೇಳಿದರು, ಅವಳೂ ನಕ್ಕಿದ್ದು ನನಗೆ ಕೇಳಿಸಿತು.

"ಕೊಡಿ ಅತ್ತೆ, ನಾನು ಹೇಳ್ತೀನಿ," ಅಂತ ಕೈ ನೀಡಿದೆ.

"ಬೇಡ," ಅಂದರು ಅತ್ತೆ. "ನಾವೇ ಮಾತಾಡಿಕೊಳ್ತೀವಿ."