ಎರಡು ಆಷಾಢ

ಎತ್ತು ಒಂದು ಸುತ್ತು ಬಂದಾಗಲೆಲ್ಲ ಅದು ಎಳೆಯುವ ಗಾಣದ ಅಡ್ಡಮರ ದಾಕ್ಷಾಯಣಿಯ ಭುಜದ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆಗ ಅವಳ ಮೈ ತಾನಾಗಿ ಹಿಂದಕ್ಕೆ ವಾಲುತ್ತಿತ್ತು. ಮರ ದಾಟಿದ ಮೇಲೆ ಮುಂದೆ ಬಾಗಿ, ಮೇಲೆದ್ದ ಹುಚ್ಚೆಳ್ಳಿನ ಹಿಂಡಿಯನ್ನು ಕೋಲಿನಿಂದ ಗಾಣದ ಬಾಯೊಳಕ್ಕೆ ದೂಡುವಳು. ಮತ್ತೆ ವಾಲುವಳು. ಬೆಳಗಿನಿಂದ ಇದೇ ಕೆಲಸ. ಎಣ್ಣೆಯ ವಾಸನೆ ಸೀರೆಗೂ ಕೂದಲಿಗೂ ಹತ್ತಿತ್ತು. ಬೇಸರವೇನೂ ಆಗಿರಲಿಲ್ಲ. ಹಾಗೆ ನೋಡಿದರೆ ಈಚೆಗೆ ಅವಳಿಗೆ ಏನೂ ಆಗುತ್ತಿರಲಿಲ್ಲ.

ಅವ್ವ ಹಿತ್ತಿಲ ಬಾಗಿಲಿನಿಂದ "ದಾಕ್ಷೀ" ಎಂದು ಕರೆದಳು. ಮತ್ತೆ ಕರೆದಳು. ತನ್ನನ್ನೇ ಕರೆಯುತ್ತಿರುವುದು ಎಂದು ತಿಳಿದು ಅವಳು ತಿರುಗುವಷ್ಟರಲ್ಲಿ, ಅವ್ವನ ಹಿಂದೆ ಗುಂಡಯ್ಯ ಬಂದು ನಿಂತಿದ್ದ. ಗಂಡನ ಚಿಕ್ಕಪ್ಪ. ಹೊಳೆನರಸೀಪುರದಿಂದ ಅವಳನ್ನು ಕರೆದೊಯ್ಯಲು ಬಂದಿದ್ದ.

ಹೊಳೆನರಸೀಪುರದ ಬಟ್ಟೆ ಅಂಗಡಿಯ ಈಶ್ವರಯ್ಯನಿಗೆ ಅವಳು ಎರಡನೆಯ ಹೆಂಡತಿ. ಮೊದಲನೆಯವಳು ನೀಲಾಂಬಿಕೆ ಹೆರಿಗೆಯಲ್ಲಿ ಹೋಗಿದ್ದಳು. ಮದುವೆಯ ದಿನವೇ ಅತ್ತೆ ತಾಳಿಯ ಪಕ್ಕಕ್ಕೆ ಸವತಿಯ ಹೆಸರಿನ ಪುಟ್ಟ ಚಿನ್ನದ ಬಿಲ್ಲೆ ಪೋಣಿಸಿ, ಸತ್ತವಳು ಕಾಡದಿರಲಿ ಎಂದು ಅವಳ ಹೆಸರನ್ನೇ ಇವಳಿಗೆ ಇಟ್ಟಳು. ಅಂದಿನಿಂದ ಆ ಮನೆಯಲ್ಲಿ ಅವಳು ನೀಲಮ್ಮ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸತ್ತವಳ ಸೀರೆಗಳನ್ನು ಉಟ್ಟಳು, ಸತ್ತವಳ ಒಲೆ ಹಚ್ಚಿದಳು. "ನೀಲಮ್ಮ ಇಷ್ಟು ಉಪ್ಪು ಆಕ್ತಿರ್ಲಿಲ್ಲ ಕಣೇ ನೀಲಮ್ಮ" ಎಂದು ಅತ್ತೆ ಹೇಳಿದ ದಿನ ಮನೆಯವರಾರಿಗೂ ಅದು ವಿಚಿತ್ರವಾಗಿ ಕೇಳಿಸಲಿಲ್ಲ. ಸ್ವಲ್ಪ ದಿನದ ಮೇಲೆ ಅವಳಿಗೂ ಹಾಗೆ ಕೇಳಿಸಲಿಲ್ಲ. ತವರಿಗೆ ಬಂದ ಮೇಲೆ ಅವ್ವ ದಾಕ್ಷಿ ಎಂದು ಕರೆದರೂ ಪಕ್ಕದ ಮನೆಯ ಯಾರನ್ನೋ ಕರೆದ ಹಾಗಿರುತ್ತಿತ್ತು.

ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮುಖ ನೋಡಬಾರದೆಂದು ಅವಳನ್ನು ಚನ್ನರಾಯಪಟ್ಟಣಕ್ಕೆ ಕರೆತಂದಿದ್ದರು. ಆ ವರ್ಷ ಆಷಾಢ ಎರಡು. ಮೊದಲು ಅಧಿಕ ಆಷಾಢ, ಆಮೇಲೆ ನಿಜ ಆಷಾಢ. ಎರಡೂ ಕಳೆದ ಮೇಲೆ ಕಳಿಸಿದರಾಯಿತು ಎಂದು ಅಪ್ಪ ಪಂಚಾಕ್ಷರಯ್ಯ ಅಂದುಕೊಂಡಿದ್ದ. ಹೊಳೆನರಸೀಪುರದವರು ಒಂದಕ್ಕೇ ಲೆಕ್ಕ ಮುಗಿಸಿ, ಅಮಾವಾಸ್ಯೆ ಕಳೆದ ಮರುದಿನವೇ ಗುಂಡಯ್ಯನನ್ನು ಬಸ್ಸು ಹತ್ತಿಸಿದ್ದರು.

ಹಾಕಿದ ಕಾಳು ಮುಗಿಯುವವರೆಗೆ ಗಾಣ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಬೀಗರಿಗೆ ಅಲ್ಲೇ ಚಾಪೆ ಹಾಸಿದರು.

"ಒಂದು ಆಷಾಢ ಆಯ್ತಲ್ಲ ಬೀಗ್ರೇ," ಎಂದ ಗುಂಡಯ್ಯ. "ಇನ್ನೊಂದು ಐತೆ ಅಂತ ನೀವು ಮಗಳನ್ನ ಇಟ್ಕೊಂಡ್ರೆ ನಮ್ಮನೇಲಿ ಒಲೆ ಉರ್ಸೋರು ಯಾರು?"

ಹೋದದ್ದು ಲೆಕ್ಕಕ್ಕೆ ಬಾರದ ತಿಂಗಳು, ನಿಜವಾದದ್ದು ಇವತ್ತು ತಾನೇ ಶುರುವಾಗಿದೆ ಎಂದು ಅಪ್ಪ ಹೇಳಿದ. ಲೆಕ್ಕಕ್ಕೆ ಬಾರದ ತಿಂಗಳಲ್ಲಿ ಸೊಸೆಯನ್ನು ಏಕೆ ಕರೆದುಕೊಂಡು ಬಂದಿರಿ ಎಂದು ಗುಂಡಯ್ಯ ಕೇಳಿದ. ಹಾಸನದ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ದಾಕ್ಷಾಯಣಿಯ ಅಣ್ಣ ಬಸವರಾಜು ರಜೆ ಹಾಕಿ ಬಂದಿದ್ದ. ಅಪ್ಪ ಅವನನ್ನು ಕೂಗಿದ.

ಬಸವರಾಜು ಬಾಯಲ್ಲಿ ಹೇಳಿ ತೃಪ್ತಿಪಡುವವನಲ್ಲ. ಗಾಣವೇ ಸೂರ್ಯ, ಎತ್ತೇ ಭೂಮಿ, ತಾನು ಚಂದ್ರ ಎಂದು ಪಂಚೆ ಎತ್ತಿ ಕಟ್ಟಿ, ನಡೆಯುತ್ತಿರುವ ಎತ್ತಿನ ಸುತ್ತ ತಾನೂ ಸುತ್ತತೊಡಗಿದ. ಎತ್ತಿನ ಜೊತೆಗೇ ಮುಂದೆ ಹೋಗಬೇಕು, ಹೋಗುತ್ತಲೇ ಅದನ್ನು ಸುತ್ತಬೇಕು. ಹಗ್ಗಕ್ಕೆ ಬಗ್ಗಿ, ಮರದ ಮೇಲೆ ಹಾರಿ, ಏದುಸಿರು ಬಿಡುತ್ತಲೇ ಹೇಳಿದ. ಚಂದ್ರನ ಒಂದು ಸುತ್ತಿಗೆ ಒಂದು ತಿಂಗಳು. ಹನ್ನೆರಡು ತಿಂಗಳು ಮುಗಿದರೂ ಭೂಮಿ ಹೊರಟ ಜಾಗಕ್ಕೆ ಬಂದಿರುವುದಿಲ್ಲ, ಇಷ್ಟು ದೂರ ಉಳಿದಿರುತ್ತದೆ. ವರ್ಷವರ್ಷವೂ ಉಳಿದದ್ದು ಕೂಡುತ್ತಾ ಹೋಗಿ, ಒಂದು ವರ್ಷ ಚಂದ್ರನ ಪೂರ್ತಿ ಒಂದು ಸುತ್ತೇ ಹೆಚ್ಚಿಗೆ ಬರುತ್ತದೆ. ಅದೇ ಅಧಿಕ ಮಾಸ. ಕಣ್ಣಿಗೆ ಬಟ್ಟೆ ಕಟ್ಟಿದ್ದ ಎತ್ತು ಯಾರೋ ಎದುರಿಗೆ ಬಂದಂತಾಗಿ ನಿಂತುಬಿಟ್ಟಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಎತ್ತನ್ನು ಮತ್ತೆ ಹೊಡೆದ.

"ನಿಮ್ ಚಂದ್ರಂಗೆ ಉಬ್ಬಸ ಬತ್ತದೆ, ಕೂತ್ಕಳಿ ಮೇಷ್ಟ್ರೇ," ಎಂದ ಗುಂಡಯ್ಯ. "ಅದೆಲ್ಲ ಸರಿ. ಎರಡ್ರಾಗೆ ದಿಟವಾದ ಆಷಾಢ ಯಾವ್ದು, ಅದು ಯೋಳಿ."

"ಚಂದ್ರನ್ನ ಕೇಳಿದ್ರೆ ಅವನಿಗೆ ಎರಡೂ ಒಂದೇ," ಎಂದ ಬಸವರಾಜು ಮುಖ ಒರೆಸಿಕೊಳ್ಳುತ್ತಾ. "ಅವನು ಸುತ್ತಿದ್ದು ಸುತ್ತಿದ್ದೇ. ಹೆಚ್ಚಿಗೆ ಬಂದಿದ್ದಕ್ಕೆ ಇಡೋಕೆ ನಮ್ಮ ಹತ್ರ ಹೆಸರು ಇರ್ಲಿಲ್ಲ. ಪಕ್ಕದ ತಿಂಗಳಿನ ಹೆಸರನ್ನೇ ಇಟ್ಟು, ನೀನು ಲೆಕ್ಕಕ್ಕಿಲ್ಲ ಅಂದ್ಬುಟ್ವಿ."

ದಾಕ್ಷಾಯಣಿಯ ಕೈಯ ಕೋಲು ನಿಂತಿತು. ಗಾಣದ ಮರ ಬಂದದ್ದು ಅವಳಿಗೆ ಕಾಣಲಿಲ್ಲ. ಭುಜಕ್ಕೆ ಬಡಿದು, ಒಂದು ಹೆಜ್ಜೆ ಪಕ್ಕಕ್ಕೆ ತಳ್ಳಿ ಮುಂದೆ ಹೋಯಿತು. ಅವ್ವ ಓಡಿ ಬಂದು, ಗ್ಯಾನ ಎಲ್ಲಿಟ್ಟಿದ್ದೀಯೆ ಎಂದು ಗದರಿದಳು. ದಾಕ್ಷಾಯಣಿ ಭುಜ ಮುಟ್ಟಿ ನೋಡಿಕೊಂಡಳು. ನೋಯುತ್ತಿತ್ತು. ನೋಯುತ್ತಿದೆಯಲ್ಲ ಎಂದು ಸ್ವಲ್ಪ ಆಶ್ಚರ್ಯವೂ ಆಯಿತು.

ಮಾತು ಕೊನೆಗೆ ಚಂದ್ರನಿಂದ ಬಗೆಹರಿಯಲಿಲ್ಲ. ನಿಜ ಆಷಾಢದಲ್ಲಿ ಅತ್ತೆಸೊಸೆ ಮುಖ ನೋಡಿ, ನಾಳೆ ನಿಮ್ಮ ಮನೆಗೆ ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎಂದು ಅವ್ವ ಮೆಲ್ಲಗೆ ಹೇಳಿದಳು. ಒಂದು ಸಾವು ಕಂಡ ಮನೆಯ ಗುಂಡಯ್ಯ ಹಾಗಾದರೆ ಇರಲಿ ಬಿಡಿ ಎಂದ. ಉಂಡು, ವೀಳ್ಯ ಹಾಕಿಕೊಂಡು, ಶ್ರಾವಣಕ್ಕೆ ಬರುವೆನೆಂದು ಎದ್ದ.

ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದ. "ನೀಲಮ್ಮಾ, ಬತ್ತೀನಿ ಕಣವ್ವ."

ದಾಕ್ಷಾಯಣಿ ಹಿಂಡಿ ದೂಡುತ್ತಿದ್ದಳು.

"ನೀಲಮ್ಮಾ."

"ಗಾಣದ ಸದ್ದು ನೋಡಿ, ಕೇಳ್ಸಿಲ್ಲ ಅವಳಿಗೆ," ಎಂದಳು ಅವ್ವ. ಗುಂಡಯ್ಯ ತಲೆಯಾಡಿಸಿ ಹೊರಟ.

ಅವಳಿಗೆ ಎರಡು ಸಲವೂ ಕೇಳಿಸಿತ್ತು. ಶ್ರಾವಣದಲ್ಲಿ ಅವನು ಬರುತ್ತಾನೆ, ತಾನು ಹೋಗುತ್ತೇನೆ; ಬೇಡವೆನ್ನುವವರು ಯಾರೂ ಇಲ್ಲ, ತಾನೂ ಅನ್ನುವುದಿಲ್ಲ. ಒಲೆ ಹಚ್ಚುತ್ತೇನೆ, ಬಿಲ್ಲೆಯೂ ಕೊರಳಲ್ಲೇ ಇರಲಿ. ಆದರೆ ನೀಲಮ್ಮ ಎಂದು ಅತ್ತೆ ಕರೆಯಲಿ, ಗಂಡನೇ ಕರೆಯಲಿ, ಇನ್ನು ತಿರುಗುವುದಿಲ್ಲ. ಕಿವುಡಿ ಎಂದರೆ ಕಿವುಡಿ. ದಾಕ್ಷಾಯಣಿ ಎಂಬ ಹೆಸರು ಅವರ ಬಾಯಿಂದ ಬರುವವರೆಗೂ ತಿರುಗುವುದಿಲ್ಲ.

ಭುಜಕ್ಕೆ ಎಣ್ಣೆ ಹಚ್ಚಿಕೋ ಎಂದು ಬಸವರಾಜು ಹತ್ತಿರ ಬಂದು ಹೇಳಿದ. ಹೂಂ ಅಂದಳು. ಎತ್ತು ಸುತ್ತಿ ಬಂತು, ಮರವೂ ಬಂತು. ಈ ಸಲ ಅವಳು ಅದನ್ನು ನೋಡಿಕೊಂಡೇ ಹಿಂದಕ್ಕೆ ವಾಲಿದಳು.